ಹೋಗದ ಕಲೆಯ ಮದ್ದು

ಬಟ್ಟೆಯ ಕಲೆ ತೆಗೆಯುವವನಿಗೆ ಬೀದಿಯವರು ‘ಕಲಾವಿದ’ ಎಂದು ಹೆಸರಿಟ್ಟದ್ದು ಗೇಲಿ ಮಾಡಲಿಕ್ಕೆ. ಅವನು ಅದನ್ನು ಬಿರುದು ಎಂದುಕೊಂಡು ಇಷ್ಟು ವರ್ಷ ಎದೆಯುಬ್ಬಿಸಿ ಓಡಾಡಿದ. ತಪ್ಪು ಪೂರ್ತಿ ಅವನದೇ ಅನ್ನುವ ಹಾಗಿಲ್ಲ. ಅಂಗಿಯ ಮೇಲೆ ಚೆಲ್ಲಿದ ಚಹಾಕ್ಕೂ ಗೋಡೆಗೆ ತೂಗುಹಾಕುವ ಚಿತ್ರಕ್ಕೂ ಒಂದೇ ಪದ ಇಟ್ಟುಕೊಂಡ ಭಾಷೆಯದೂ ಅದರಲ್ಲಿ ಪಾಲಿದೆ.

ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಗಂಡಹೆಂಡಿರ ಗಡಿ ಮೊದಲಿನಿಂದಲೂ ಸ್ಪಷ್ಟವಾಗಿತ್ತು. ಮುಂದಿನ ಕೌಂಟರು ಹೆಂಡತಿಯದು. ಬಟ್ಟೆ ತೆಗೆದುಕೊಳ್ಳುವುದು, ಜೇಬು ತಡಕುವುದು, ಚೀಟಿ ಚುಚ್ಚುವುದು, ನಾಡಿದ್ದು ಆಗುವ ಕೆಲಸಕ್ಕೆ ‘ನಾಳೆ ಖಂಡಿತ’ ಅನ್ನುವುದು ಎಲ್ಲ ಅವಳ ಪಾಲು. ಪರದೆಯ ಹಿಂದಿನ ಕೋಣೆ, ಅಲ್ಲಿನ ಎತ್ತರದ ಮೇಜು, ಮೇಲೆ ತೂಗುವ ದೀಪ, ಸಾಲು ಬಾಟಲಿಗಳು, ಹಲ್ಲುಜ್ಜುವ ಬ್ರಷ್ಷಿಗಿಂತ ಸಣ್ಣ ಬ್ರಷ್ಷುಗಳು ಅವನವು. ಆ ಮೇಜಿಗೆ ಯಾರೂ ಕೈ ಹಚ್ಚುವಂತಿರಲಿಲ್ಲ. ಹೆಂಡತಿ ಒಮ್ಮೆ ಧೂಳು ಒರೆಸಿದ್ದಕ್ಕೇ ಎರಡು ದಿನ ಮುಖ ದಪ್ಪ ಮಾಡಿಕೊಂಡಿದ್ದ. ಶಾಯಿ, ಎಣ್ಣೆ, ರಕ್ತ, ತುಕ್ಕು, ಯಾವುದೇ ಇರಲಿ, ದೀಪದ ಕೆಳಗೆ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು, ಮೂಗಿನ ಹತ್ತಿರ ತಂದು, “ಗೊತ್ತಾಯ್ತು ಬಿಡು” ಅನ್ನುತ್ತಿದ್ದ. ಹೆಚ್ಚಿನ ಸಲ ಗೊತ್ತಾಗಿರುತ್ತಿತ್ತು ಕೂಡ.

ಅಂಥ ಕೈ ಅವನಿಗೇ ಕೈಕೊಟ್ಟಿತು. ಬೆಳಿಗ್ಗೆ ಎದ್ದರೆ ಬೆರಳುಗಳು ಬಿಗಿದುಕೊಂಡು, ಗೆಣ್ಣುಗಳು ಊದಿಕೊಂಡು, ಬಿಸಿ ಬಿಸಿಯಾಗಿರುತ್ತಿದ್ದವು. ಮುಷ್ಟಿ ಕಟ್ಟಲು ಹೋದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಮೊದಮೊದಲು ಚಳಿ ಎಂದ. ಆಮೇಲೆ ತಪ್ಪನ್ನು ಹೊಸ ಸೋಪಿನ ಮೇಲೆ ಹಾಕಿದ. ಕೊನೆಗೆ ಹೆಂಡತಿ ಕೌಂಟರಿಗೆ ‘ಈಗ ಬರುತ್ತೇವೆ’ ಎಂಬ ಬೋರ್ಡು ಸಿಕ್ಕಿಸಿ ಅವನನ್ನು ದವಾಖಾನೆಗೆ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಅವನ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿದರು, ರಕ್ತ ಪರೀಕ್ಷೆಯ ಹಾಳೆ ನೋಡಿದರು, ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

“ಇದು ವಯಸ್ಸಿಗೆ ಕೀಲು ಸವೆಯೋ ಥರದ್ದಲ್ಲ. ನಮ್ಮ ಮೈ ಕಾಯೋ ಪಡೆನೇ ದಾರಿ ತಪ್ಪಿ ಕೀಲುಗಳ ಮೇಲೆ ಬಿದ್ದಿದೆ. ಸಂಧಿವಾತದಲ್ಲೇ ಇದೊಂದು ಬಗೆ. ಒಳಗೆ ಉರಿಯೂತ ಇದೆಯಲ್ಲ, ಅದು ಸುಮ್ನೆ ನೋವು ಕೊಟ್ಟು ಹೋಗಲ್ಲ. ಮೂಳೆನ ತಿನ್ನುತ್ತೆ. ಬೆರಳು ಒಂದ್ಸಲ ಸೊಟ್ಟ ಆದ್ರೆ ಯಾರ ಕೈಲೂ ನೆಟ್ಟಗೆ ಮಾಡೋಕಾಗಲ್ಲ. ಅದಕ್ಕೇ ಈಗ್ಲೇ ಹಿಡೀಬೇಕು.”

“ಕಲೆನೂ ಅಷ್ಟೇ ಡಾಕ್ಟರಮ್ಮ. ಒಣಗೋಕೆ ಬಿಡಬೇಡಿ, ತಕ್ಷಣ ತನ್ನಿ ಅಂತ ನಾನೂ ಗಿರಾಕಿಗಳಿಗೆ ಬಡ್ಕೋತೀನಿ. ಯಾರು ಕೇಳ್ತಾರೆ!” ಎಂದು ಕಲಾವಿದ ನಕ್ಕ. ಯಾರು ಕೇಳುವುದಿಲ್ಲ ಎನ್ನುವುದು ಆಮೇಲೆ ಗೊತ್ತಾಯಿತು.

ಕೊಟ್ಟದ್ದು ವಾರಕ್ಕೊಮ್ಮೆ ನುಂಗುವ ಹಳದಿ ಬಣ್ಣದ ಪುಟ್ಟ ಮಾತ್ರೆಗಳು. ನೋಡಲು ಏನೂ ಇಲ್ಲ. ಆದರೆ ನುಂಗಿದ ಮಾರನೇ ದಿನ ಊರಿನವರ ಬಟ್ಟೆ ತೊಳೆಯುವವನ ಹೊಟ್ಟೆಯನ್ನು ಅವು ತೊಳೆಸುತ್ತಿದ್ದವು. ಗುಣ ಕಾಣಲು ಒಂದೆರಡು ತಿಂಗಳು ಬೇಕು, ತಾಳ್ಮೆ ಇರಲಿ, ಹೊಟ್ಟೆ ತೊಳೆಸುವುದು ಹೆಚ್ಚಾದರೆ ಬಂದು ಹೇಳಿ, ಅದಕ್ಕೂ ದಾರಿ ಇದೆ ಎಂದಿದ್ದರು ಡಾಕ್ಟರಮ್ಮ. ಅವನು ಹೋಗಿ ಹೇಳಲಿಲ್ಲ. ಹೊಟ್ಟೆ ತೊಳೆಸುತ್ತದೆ ಎಂದು ದೂರು ಕೊಡುವುದು ಕಲಾವಿದನಿಗೆ ಶೋಭೆಯಲ್ಲ ಎಂದುಕೊಂಡ.

ಈ ಹೊತ್ತಿಗೆ ಸರಿಯಾಗಿ ಹೆಂಡತಿಯ ತಮ್ಮ ಬಂದ. ಅವನು ಆಹಾರ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ. ಬಾಗಿಲಲ್ಲೇ “ಏನು ಭಾವ, ಬಾವು ಹೇಗಿದೆ?” ಅಂದ. ಅವನ ಹತ್ತಿರ ಇದ್ದ ಜೋಕು ಇದೊಂದೇ. ಬಂದಾಗಲೆಲ್ಲ ಅದನ್ನೇ ಇಸ್ತ್ರಿ ಮಾಡಿ ಹಾಕುತ್ತಿದ್ದ. ಜೊತೆಗೆ ಒಂದು ಡಬ್ಬಿ ತುಂಬ ಬೆರ್ರಿ ಹಣ್ಣು ತಂದಿದ್ದ.

“ಇದ್ರ ಬಣ್ಣ ಇದೆಯಲ್ಲ ಭಾವ, ನೀಲಿ, ನೇರಳೆ, ಅದಕ್ಕೆ ಕಾರಣ ಆಂಥೋಸಯನಿನ್ ಅನ್ನೋ ವಸ್ತು. ಉರಿಯೂತ ಕಡಿಮೆ ಮಾಡಬಹುದು ಅಂತ ಪರೀಕ್ಷೆ ಮಾಡ್ತಿದ್ದಾರೆ. ಇಲಿಗಳ ಪಾದದ ಊತ ಇಳಿದಿದೆಯಂತೆ.”

“ಅದೇನಂದೆ? ಅಂತೂ ಸೈನಿಕ?”

“ಆಂಥೋಸಯನಿನ್.”

“ಅದೇ. ಸೈನಿಕ.” ಕಲಾವಿದನ ಕಿವಿ ನೆಟ್ಟಗಾಗಿತ್ತು. ದಾರಿ ತಪ್ಪಿದ ಪಡೆಯ ಮೇಲೆ ನೇರಳೆ ಸಮವಸ್ತ್ರದ ಸೈನಿಕರು ದಂಡೆತ್ತಿ ಹೋಗುವುದು ಕಣ್ಣಿಗೆ ಕಟ್ಟಿದಂತಾಯಿತು. ಭಾಮೈದ ಇನ್ನೂ ಏನೇನೋ ಹೇಳುತ್ತಿದ್ದ. ಮನುಷ್ಯರ ಮೇಲೆ ನಡೆದ ಪರೀಕ್ಷೆಗಳು ಚಿಕ್ಕವು, ಕೆಲವರಿಗೆ ನೋವು ಸ್ವಲ್ಪ ಇಳಿಯಿತು, ಕೆಲವರಿಗೆ ಏನೂ ಆಗಲಿಲ್ಲ, ಎಷ್ಟು ತಿಂದರೆ ಎಷ್ಟು ಒಳಗೆ ಸೇರುತ್ತದೆ ಎನ್ನುವುದೂ ಸರಿಯಾಗಿ ಗೊತ್ತಿಲ್ಲ, ಹಣ್ಣು ತಿನ್ನಿ, ಮಾತ್ರೆ ಮಾತ್ರ ಬಿಡಬೇಡಿ. ಇವೆಲ್ಲ ಮಾತು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋದವು. ಒಳಗೆ ಉಳಿದದ್ದು ಇಷ್ಟು: ಕಲೆ ಮಾಡುವುದೇ ಮದ್ದು.

ಇಷ್ಟು ವರ್ಷ ಯಾವ ನೇರಳೆ ಕಲೆಯನ್ನು ಅವನು ಬಟ್ಟೆಯಿಂದ ಅಟ್ಟಿ ಅಟ್ಟಿ ಓಡಿಸಿದ್ದನೋ ಅದೇ ಅವನ ಕೈಗೆ ಔಷಧಿ! ಇದರಲ್ಲಿ ಏನೋ ದೊಡ್ಡ ಅರ್ಥವಿದೆ ಅನ್ನಿಸಿತು. ದೊಡ್ಡ ಅರ್ಥ ಕಂಡ ಕೂಡಲೇ ಇದ್ದಷ್ಟು ಬುದ್ಧಿಯನ್ನೂ ಕೈಬಿಡುವುದು ಅವನ ಜಾಯಮಾನ. ಯಾವ ಬೆರ್ರಿಯಲ್ಲಿ ಸೈನಿಕರು ಹೆಚ್ಚು ಎಂದು ಕಂಡುಹಿಡಿಯಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಭಾಮೈದನನ್ನೇ ಕೇಳುತ್ತಿದ್ದರು. ಕಲಾವಿದ ಕೇಳುವವನಲ್ಲ. ಅವನಿಗೆ ಅವನದೇ ವಿದ್ಯೆ ಇತ್ತು.

ಹಳೆಯ ಬಿಳಿ ಹೊದಿಕೆಯೊಂದನ್ನು ಪಟ್ಟಿ ಪಟ್ಟಿಯಾಗಿ ಹರಿದ. ಬ್ಲೂಬೆರ್ರಿ, ಹಿಪ್ಪುನೇರಳೆ, ಸ್ಟ್ರಾಬೆರ್ರಿ, ಕಪ್ಪು ಬೆರ್ರಿ, ಒಂದೊಂದನ್ನೂ ಒಂದೊಂದು ಪಟ್ಟಿಯ ಮೇಲೆ ಅರೆದ. ಔಷಧಿ ಅಂಗಡಿಯಿಂದ ಒಂದು ಬಾಟಲಿ ಬೆರ್ರಿ ಸಿರಪ್ಪನ್ನೂ ತಂದು ಒಂದು ಪಟ್ಟಿಗೆ ಸುರಿದ. ಬಾಟಲಿಯ ಮೇಲೆ ಒಬ್ಬ ಮುದುಕ ಬೇಲಿ ಹಾರುತ್ತಿರುವ ಚಿತ್ರವಿತ್ತು. ಎಲ್ಲ ಒಣಗಿದ ಮೇಲೆ ಒಂದೊಂದನ್ನೇ ತೊಳೆಯಲು ಕೂತ. ಅವನ ಸಿದ್ಧಾಂತ ಸರಳ. ಬಟ್ಟೆಯನ್ನು ಬಿಡದ ಕಲೆ ಕೀಲನ್ನೂ ಬಿಡುವುದಿಲ್ಲ. ಹೆಚ್ಚು ಹಟ ಮಾಡಿದ್ದೇ ಒಳ್ಳೆಯ ಮದ್ದು.

ಹಣ್ಣುಗಳು ಒಂದೊಂದಾಗಿ ಸೋತವು. ಸೋಪು ತಾಗಿದರೆ ನೀಲಿಗೆ ತಿರುಗಿದವು, ವಿನಿಗರ್ ತಾಗಿದರೆ ಕೆಂಪಾದವು, ಕುದಿಯುವ ನೀರು ಸುರಿದರೆ ತೆಪ್ಪಗೆ ಜಾಗ ಖಾಲಿ ಮಾಡಿದವು. “ಬಣ್ಣ ಬದಲಿಸೋ ಪುಕ್ಕಲುಗಳು” ಎಂದು ಪಕ್ಕಕ್ಕೆಸೆದ. ಸಿರಪ್ಪು ಮಾತ್ರ ಜಗ್ಗಲಿಲ್ಲ. ಸೋಪಿಗೂ ಅದೇ ನೇರಳೆ, ವಿನಿಗರಿಗೂ ಅದೇ ನೇರಳೆ. ಬಿಸಿನೀರಿಗೆ ಕ್ಯಾರೇ ಅನ್ನಲಿಲ್ಲ. ಕಲಾವಿದ ಆ ಪಟ್ಟಿಯನ್ನು ದೀಪಕ್ಕೆ ಹಿಡಿದು ಕಣ್ಣು ತುಂಬ ನೋಡಿದ. ಗಂಡಸು ಅಂದರೆ ಹೀಗಿರಬೇಕು ಅನ್ನಿಸಿತು.

ಸೋಪು ಬಿದ್ದರೆ ನೀಲಿಗೆ ತಿರುಗುವುದು ಹಣ್ಣಿನ ಹುಟ್ಟುಗುಣ. ಅಂಗಡಿಗೆ ಬರುವ ಗಿರಾಕಿಗಳಿಗೆ, ಬೇಡ ಅಂದರೂ, ಅವನೇ ಇದರ ಮೇಲೆ ಭಾಷಣ ಕೊಡುತ್ತಿದ್ದ. ಆ ಭಾಷಣಕಾರ ಅವತ್ತು ಎಲ್ಲಿ ಹೋಗಿದ್ದನೋ. ಬೇಕಾದ ಉತ್ತರ ಕಣ್ಣೆದುರು ಕುಣಿಯುತ್ತಿರುವಾಗ ಗೊತ್ತಿದ್ದ ವಿದ್ಯೆಯೂ ತೆಪ್ಪಗಿರುತ್ತದೆ.

ಹೀಗೆ ಶುರುವಾಯಿತು ಸಿರಪ್ಪು ಸೇವನೆ. ಬೆಳಿಗ್ಗೆ ಎದ್ದ ಕೂಡಲೇ ಅಡುಗೆಮನೆಗೆ ಹೋಗಿ ಎರಡು ಚಮಚ. ಮೊದಲ ದಿನಗಳಲ್ಲಿ ಮುಚ್ಚಳ ತೆರೆಯುವುದೇ ದೊಡ್ಡ ಯುದ್ಧ. ಬಾಟಲಿಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿ, ಬಟ್ಟೆ ಸುತ್ತಿ, ಹಲ್ಲು ಕಚ್ಚಿ ತಿರುಚುತ್ತಿದ್ದ. ಆಮೇಲೊಂದು ಬೆಳಿಗ್ಗೆ ಮುಟ್ಟಿದ್ದೇ ತಡ, ಮುಚ್ಚಳ ಬೆಣ್ಣೆಯ ಹಾಗೆ ತಿರುಗಿತು. ಮಾರನೇ ದಿನವೂ ಹಾಗೇ. ಅದರ ಮಾರನೇ ದಿನವೂ. ಕಲಾವಿದನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೈಗೆ ಬಲ ಬಂದಿದೆ! ಸೈನಿಕರು ಗೆದ್ದಿದ್ದಾರೆ!

ಗೆದ್ದ ಮೇಲೆ ಹೊಟ್ಟೆ ತೊಳೆಸುವ ಮಾತ್ರೆ ಯಾತಕ್ಕೆ? ಆ ವಾರದ ಮಾತ್ರೆಗಳನ್ನು ಹಿಂದಿನ ಕೋಣೆಯ ತೊಟ್ಟಿಯಲ್ಲಿ ಬಿಟ್ಟು ನೀರು ಹರಿಸಿದ. ಹೆಂಡತಿ ಕೌಂಟರಿನಿಂದ “ರೀ, ಇವತ್ತಿನ ಮಾತ್ರೆ ತಗೊಂಡ್ರಾ?” ಎಂದು ಕೂಗಿದಳು. “ಹ್ಞೂಂ” ಅಂದ. ಮುಂದಿನ ವಾರವೂ ಅದೇ ಪ್ರಶ್ನೆ, ಅದೇ ಹ್ಞೂಂ. ರಕ್ತ ಪರೀಕ್ಷೆಯ ದಿನ ಬಂದಾಗ ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದ. ಸುಳ್ಳು ಹೇಳುವುದು ಕಷ್ಟ ಎಂದುಕೊಂಡಿದ್ದ. ‘ಹ್ಞೂಂ’ ಎಂಬ ಸುಳ್ಳಿಗೆ ಬಾಯಿ ತೆರೆಯುವ ಕಷ್ಟವೂ ಇರಲಿಲ್ಲ.

ಕೈ ಮಾತ್ರ ಬೇರೆಯೇ ಕತೆ ಹೇಳುತ್ತಿತ್ತು. ಗುಂಡಿ ಹಾಕಲು ಬರುತ್ತಿರಲಿಲ್ಲ, ಅದಕ್ಕೆ ತಲೆಯ ಮೇಲಿಂದ ಎಳೆದುಕೊಳ್ಳುವ ಬನಿಯನ್ನು ತೊಡಲು ಶುರುಮಾಡಿ, “ಈಗ ಇದೇ ಫ್ಯಾಷನ್ನು” ಎಂದ. ಬ್ರಷ್ಷು ಜಾರಿ ಬೀಳುತ್ತಿತ್ತು, ಈಗಿನ ಕಂಪನಿಗಳು ಹಿಡಿ ಸರಿಯಾಗಿ ಮಾಡುವುದಿಲ್ಲ ಎಂದು ಬೈದ. ಕಿರುಬೆರಳು ಪಕ್ಕಕ್ಕೆ ವಾಲತೊಡಗಿತ್ತು, ಮಲಗುವ ಭಂಗಿ ಸರಿಯಿಲ್ಲ ಎಂದು ದಿಂಬು ಬದಲಿಸಿದ. ಒಳಗೊಳಗೇ ಹೆದರಿಕೆ ಇಣುಕಿದಾಗಲೆಲ್ಲ ಅಡುಗೆಮನೆಗೆ ಹೋಗಿ ಸಿರಪ್ಪಿನ ಮುಚ್ಚಳ ತಿರುಗಿಸಿ ನೋಡುತ್ತಿದ್ದ. ತಿರುಗುತ್ತಿತ್ತಲ್ಲ! ಮತ್ತೇನು ಬೇಕು ಸಾಕ್ಷಿ?

ಹೀಗಿರುವಾಗ ಒಂದು ಮಧ್ಯಾಹ್ನ ಶಾಲೆಯ ಟೀಚರೊಬ್ಬರು ಮಗಳ ಬಿಳಿ ಫ್ರಾಕು ತಂದರು. ನಾಟಕದ್ದು. ಎದೆಯ ಭಾಗದಲ್ಲಿ ಅಂಗೈಯಷ್ಟಗಲ ನೇರಳೆ ಕಲೆ. ಮನೆಯಲ್ಲಿ ಏನೇನೋ ಹಾಕಿ ತೊಳೆದರೂ ಹೋಗಿಲ್ಲ, ಕಲಾವಿದರೇ ಸ್ವತಃ ನೋಡಬೇಕು ಎಂದು ಹಟ ಹಿಡಿದರು. ‘ಕಲಾವಿದರೇ ಸ್ವತಃ’ ಎಂಬ ಮಾತು ಪರದೆಯ ಹಿಂದೆ ಕೇಳಿಸಿತು. ಅವನು ಸೋಪು, ವಿನಿಗರಿನ ಬಾಟಲಿಗಳ ಸಮೇತ ಕೌಂಟರಿಗೇ ಬಂದುಬಿಟ್ಟ.

ಕಲೆಯ ಅಂಚಿಗೆ ಒಂದು ತೊಟ್ಟು ಸೋಪು ಹಾಕಿದ. ನೋಡಿದ. ಒಂದು ತೊಟ್ಟು ವಿನಿಗರ್ ಹಾಕಿದ. ನೋಡಿದ. ಗಂಟಲು ಸರಿಮಾಡಿಕೊಂಡ.

“ನೋಡಿಮ್ಮಾ, ಇದು ಹಣ್ಣಿನ ಕಲೆ ಅಲ್ವೇ ಅಲ್ಲ. ಹಣ್ಣಾಗಿದ್ರೆ ಸೋಪು ಬಿದ್ದ ತಕ್ಷಣ ನೀಲಿಗೆ ತಿರುಗಬೇಕಿತ್ತು. ವಿನಿಗರಿಗೆ ಕೆಂಪಾಗಬೇಕಿತ್ತು. ಇದು ಅಲ್ಲಾಡ್ತಿಲ್ಲ. ಬರೀ ಬಣ್ಣ ಇದು. ಹಣ್ಣಿನ ಮುಖಾನೂ ನೋಡಿಲ್ಲ. ಇಷ್ಟು ವರ್ಷದ ಅನುಭವದ ಮೇಲೆ ಹೇಳ್ತಿದೀನಿ, ಇದನ್ನ ಹಣ್ಣು ಅಂತ ಯಾರಾದ್ರೂ ಮಾರಿದ್ರೆ ಅವರು ನಿಮಗೆ ಟೋಪಿ ಹಾಕಿದಾರೆ. ಏನು ಕುಡಿದಿದ್ದು ಮಗು?”

“ಮಗು ಕುಡಿದಿದ್ದಲ್ಲ ರೀ, ಬಾಟಲಿ ಕೈತಪ್ಪಿ ಚೆಲ್ಲಿಕೊಂಡಿದ್ದು. ನಮ್ಮತ್ತೆ ಮಂಡಿನೋವಿಗೆ ತಗೊಳ್ಳೋ ಬೆರ್ರಿ ಸಿರಪ್ಪು. ಬಾಟಲಿ ಮೇಲೆ ಮುದುಕ ಬೇಲಿ ಹಾರ್ತಿರೋ ಚಿತ್ರ ಇರುತ್ತಲ್ಲ, ಅದು.”

ಕಲಾವಿದ ಕಲೆಯನ್ನು ಮತ್ತೊಮ್ಮೆ ನೋಡಿದ. ಕೈಯಲ್ಲಿದ್ದ ಫ್ರಾಕಿನ ಮೇಲೆ ನೇರಳೆ ಬಣ್ಣ ತನ್ನ ಜಾಗದಲ್ಲೇ ಗಟ್ಟಿಯಾಗಿ ಕೂತಿತ್ತು. ಸೋಪಿಗೂ ವಿನಿಗರಿಗೂ ಕ್ಯಾರೇ ಅನ್ನದೆ. ತಾನು ಹುಡುಕಿ ಹುಡುಕಿ, ಪರೀಕ್ಷೆ ಮಾಡಿ, ಅಪ್ಪಟ ಹಣ್ಣುಗಳನ್ನೆಲ್ಲ ಎಸೆದು, ಇದ್ದದ್ದರಲ್ಲಿ ಒಂದೇ ಒಂದು ಖೋಟಾ ಮಾಲನ್ನು ಗೆಲ್ಲಿಸಿದ್ದ. ಬೇರೆಯವರಿಗೆ ಟೋಪಿ ಹಾಕಲು ವ್ಯಾಪಾರಿ ಬೇಕಾಯಿತು. ತನ್ನ ಟೋಪಿಯನ್ನು ತಾನೇ ಹೊಲಿದು, ಇಸ್ತ್ರಿ ಮಾಡಿ, ಹಾಕಿಕೊಂಡಿದ್ದ. ಇಂಥ ಬೆಪ್ಪುತಕ್ಕಡಿ ಇನ್ನೊಂದು ಸಿಕ್ಕಲಾರದು ಎಂಬುದರಲ್ಲಿ ಅವನಿಗೆ ಅನುಮಾನವೇ ಉಳಿಯಲಿಲ್ಲ.

ಟೀಚರು ಚೀಟಿ ತೆಗೆದುಕೊಂಡು ಹೋದರು. ಹೆಂಡತಿ ಅವನ ಕಡೆ ತಿರುಗಿದಳು. ಅವಳ ತುಟಿಯ ಅಂಚಿನಲ್ಲಿ ನಗು ಬಂದು ಬಂದು ಹೋಗುತ್ತಿತ್ತು.

“ರೀ, ನೀವು ಕುಡಿಯೋದೂ ಅದೇ ಅಲ್ವಾ?”

“ಅದೇ.”

“ಹೋಗ್ಲಿ ಬಿಡಿ. ಬಣ್ಣದ ನೀರು ತಾನೇ. ಮಾತ್ರೆ ಅಂತೂ ತಪ್ಪಿಸದೆ ತಗೋತಿದೀರಲ್ಲ, ಅಷ್ಟು ಸಾಕು.”

ಹ್ಞೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಇಷ್ಟು ಸುಲಭವಾಗಿ ಅವಳು ನಂಬಿದ್ದು ಅವನಿಗೆ ತಡೆಯಲಾಗಲಿಲ್ಲ. ಅವಳು ಬೈದಿದ್ದರೆ ಇನ್ನೊಂದು ಸುಳ್ಳು ಹೇಳಿಬಿಡುತ್ತಿದ್ದನೇನೋ.

“ಇಲ್ಲ ಕಣೇ. ಬಿಟ್ಟು ತುಂಬ ದಿನ ಆಯ್ತು.”

ಅವಳ ಮುಖದಲ್ಲಿದ್ದ ನಗು ಹಾಗೇ ನಿಂತಿತು. “ಯಾಕೆ?”

“ಕೈ ವಾಸಿ ಆಗ್ತಿದೆ ಅಂದ್ಕೊಂಡೆ. ಸಿರಪ್ಪಿನ ಮುಚ್ಚಳ ಮೊದ್ಲು ತೆಗೆಯೋಕೇ ಆಗ್ತಿರ್ಲಿಲ್ಲ. ಆಮೇಲೆ ಸಲೀಸಾಗಿ ಬರೋಕೆ ಶುರುವಾಯ್ತು. ದಿನಾ ಬರ್ತಿತ್ತು. ಬಲ ಬಂದಿದೆ ಅಂತ...”

ಹೆಂಡತಿ ಹಿಂದಕ್ಕೆ ಕೈಚಾಚಿ ಸ್ಟೂಲು ಹುಡುಕಿ ಕೂತುಕೊಂಡಳು. ಅವಳ ದನಿ ತೀರಾ ಸಣ್ಣಗಾಗಿತ್ತು.

“ಅದು ನಾನು ರೀ. ಒಂದಿನ ನೀವು ಬಾಟಲಿನ ಮಂಡಿ ಮಧ್ಯೆ ಇಟ್ಕೊಂಡು ಒದ್ದಾಡೋದು ಬಾಗಿಲ ಹತ್ರ ನಿಂತು ನೋಡಿದೆ. ಕರುಳು ಚುರುಕ್ಕಂತು. ನಾನು ತೆಗೆದುಕೊಡ್ತೀನಿ ಅಂದ್ರೆ ನೀವು ಕೊಡ್ತಿರ್ಲಿಲ್ಲ, ಮುಖ ಬೇರೆ ದಪ್ಪ ಮಾಡ್ಕೋತಿದ್ರಿ. ಅದಕ್ಕೇ ದಿನಾ ನಿಮಗಿಂತ ಮುಂಚೆ ಎದ್ದು, ಮುಚ್ಚಳ ತಿರುಗಿಸಿ, ಸಡಿಲ ಮಾಡಿ ಇಟ್ಟುಬಿಡ್ತಿದ್ದೆ.”

ಕಲಾವಿದನಿಗೆ ನಗು ಬಂತು. ನಗದೆ ಇರಲು ಸಾಧ್ಯವಿರಲಿಲ್ಲ. ಒಳಗೆ ಬಣ್ಣದ ನೀರು, ಮೇಲೆ ಹೆಂಡತಿ ತಿರುಗಿಸಿಟ್ಟ ಮುಚ್ಚಳ, ನಡುವೆ ಎದೆಯುಬ್ಬಿಸಿ ನಿಂತ ತಾನು. ಆದರೆ ಅವಳು ನಗುತ್ತಿರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ಕಣ್ಣು ತುಂಬಿತ್ತು. ಅವನ ನಗು ಅರ್ಧದಲ್ಲೇ ಸತ್ತಿತು.

“ನಿಂದೇನೂ ತಪ್ಪಿಲ್ಲ ಕಣೇ. ನನಗೆ ಅದನ್ನ ಹೇಳೋ ಧೈರ್ಯ ನಿನಗೆ ಬರದ ಹಾಗೆ ಮಾಡಿಟ್ಟೋನು ನಾನೇ ಅಲ್ವಾ” ಅಂದ. ಅವನು ತನ್ನ ಬಗ್ಗೆ ಹೇಳಿಕೊಂಡ ಮಾತುಗಳಲ್ಲಿ ತಮಾಷೆ ಇಲ್ಲದ್ದು ಇದೊಂದೇ ಇರಬೇಕು.

ಮಾರನೇ ದಿನ ದವಾಖಾನೆಯಲ್ಲಿ ಡಾಕ್ಟರಮ್ಮ ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಸಿಕ್ಕಿಸಿದರು. ಅವನು ಎಲ್ಲ ಹೇಳಿದ. ಪಟ್ಟಿ ಹರಿದದ್ದು, ಹಣ್ಣು ಎಸೆದದ್ದು, ಬೇಲಿ ಹಾರುವ ಮುದುಕ, ಮುಚ್ಚಳ. ನಗಿಸುವ ಹಾಗೇ ಹೇಳಿದ, ಅವನಿಗೆ ಬೇರೆ ರೀತಿಯಲ್ಲಿ ಹೇಳಲು ಬರುತ್ತಿರಲಿಲ್ಲ. ಡಾಕ್ಟರಮ್ಮ ಒಂದು ಕಡೆ ನಕ್ಕರು ಕೂಡ. ಆಮೇಲೆ ಪೆನ್ನಿನ ತುದಿಯಿಂದ ಹಾಳೆಯ ಮೇಲೆ ಎರಡು ಕಡೆ ತೋರಿಸಿದರು.

“ಬಲಗೈದು ಈ ಎರಡು ಬೆರಳು, ಉಂಗುರದ್ದು, ಕಿರುಬೆರಳು. ಇಲ್ಲಿ ಮೂಳೆ ಕೊರೆದಿದೆ. ಇವು ಇನ್ನು ಹೀಗೇ. ಪೂರ್ತಿ ನೆಟ್ಟಗಾಗಲ್ಲ.”

“ಉಳಿದವು?” ಎಂದು ಹೆಂಡತಿ ಕೇಳಿದಳು.

“ಉಳಿದವನ್ನ ಉಳಿಸ್ಕೋಬಹುದು. ಮಾತ್ರೆ ತಗೊಂಡ್ರೆ. ಹೊಟ್ಟೆ ತೊಳೆಸೋದಕ್ಕೆ ಬೇರೆ ಕೊಡ್ತೀನಿ, ಅದನ್ನ ಮೊದ್ಲೇ ಬಂದು ಹೇಳಬೇಕಿತ್ತು ನೀವು.” ಡಾಕ್ಟರಮ್ಮ ಅವನ ಕಡೆ ತಿರುಗಿದರು. “ಬೆರ್ರಿ ತಿನ್ನಿ, ಬೇಡ ಅನ್ನಲ್ಲ. ಒಳ್ಳೇ ಹಣ್ಣು. ಮುಂದೆ ಅದ್ರಿಂದ ಏನಾದ್ರೂ ಒಳ್ಳೇದು ಸಿಕ್ಕಿದ್ರೂ ಸಿಗಬಹುದು, ಹುಡುಕ್ತಿರೋರು ಹುಡುಕ್ಲಿ. ಆದ್ರೆ ನಿಮ್ಮ ಕೈ ಅಲ್ಲಿವರೆಗೂ ಕಾಯಲ್ಲ.”

ದಾರಿಯಲ್ಲಿ ಅವನು ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡೇ ನಡೆದ. ಎರಡು ಬೆರಳು. ಬಟ್ಟೆ ಹಿಡಿಯಲು ಬೇಕಾಗುವುದು ಅವಲ್ಲ, ಹೆಬ್ಬೆರಳು ತೋರುಬೆರಳು ಇವೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ. ಸಮಾಧಾನ ಆಗಲಿಲ್ಲ. ಯಾರೂ ಕಸಿದುಕೊಂಡದ್ದಲ್ಲ, ತಾನೇ ಹ್ಞೂಂ ಹ್ಞೂಂ ಎಂದು ಕೊಟ್ಟದ್ದು. ದುಃಖ ಆಯಿತು, ಸರಿಯಾಗಿಯೇ ಆಯಿತು.

ಅಂಗಡಿಗೆ ಬಂದಾಗ ಫ್ರಾಕು ಮೇಜಿನ ಮೇಲಿತ್ತು. ಅವನು ಬ್ರಷ್ಷು ತೆಗೆದುಕೊಂಡ, ಅದು ಜಾರಿ ನೆಲಕ್ಕೆ ಬಿತ್ತು. ಇನ್ನೊಮ್ಮೆ ಎತ್ತಿಕೊಳ್ಳುವ ಬದಲು ಪರದೆ ಸರಿಸಿ “ಇಲ್ಲಿ ಬರ್ತೀಯಾ ಸ್ವಲ್ಪ?” ಎಂದು ಕರೆದ. ಅವಳು ಬಾಗಿಲಲ್ಲೇ ನಿಂತಳು, ಈ ಮೇಜಿಗೆ ಕರೆಸಿಕೊಂಡು ಅಭ್ಯಾಸವಿರಲಿಲ್ಲ.

“ಬಣ್ಣದ ಕಲೆ, ಬಿಳೀ ಹತ್ತಿ ಬಟ್ಟೆ. ಬ್ಲೀಚು ತಡ್ಕೊಳ್ಳುತ್ತೆ. ಆ ಕೊನೇ ಬಾಟಲಿ. ನೀರಿಗೆ ಸ್ವಲ್ಪ ಸಾಕು. ತಿಕ್ಕಬೇಡ, ಒತ್ತು. ಅಂಚಿಂದ ಒಳಗೆ ಬಾ.”

ಅವಳು ಒತ್ತಿದಳು. ಎರಡು ಸಲ “ಮೆಲ್ಲಗೆ, ಮೆಲ್ಲಗೆ” ಅಂದ. ಮೂರನೇ ಸಲ ಅನ್ನಲು ಬಾಯಿ ತೆರೆದ, ಅವಳು ತಿರುಗಿ ನೋಡಿದಳು, ಮುಚ್ಚಿಕೊಂಡ. ನೇರಳೆ ಬಣ್ಣ ಬೂದಾಯಿತು, ಬೂದು ತಿಳಿಯಾಯಿತು. ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು ಉಳಿಯಿತು. ಕಲಾವಿದನಿಗೆ ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು. ಫ್ರಾಕು ಒಯ್ಯಲು ಬಂದಾಗ ಟೀಚರಿಗೆ ಅವರತ್ತೆಯ ಸಿರಪ್ಪಿನ ವಿಷಯ ಹೇಳಬೇಕು, ತನ್ನ ಕತೆಯನ್ನೂ ಸೇರಿಸಿಯೇ ಹೇಳಬೇಕು ಎಂದು ಅವನೇ ಅಂದ.

ಸಂಜೆ ಮನೆಯಲ್ಲಿ ಅವಳು ಮಾತ್ರೆಯ ಹಾಳೆ ಒತ್ತಿ, ಹಳದಿ ಮಾತ್ರೆಗಳನ್ನು ಅಂಗೈಗೆ ಬೀಳಿಸಿಕೊಂಡು, ಅವನ ಮುಂದೆ ಕೈ ಚಾಚಿದಳು. ಇನ್ನೊಂದು ಕೈಯಲ್ಲಿ ನೀರಿನ ಲೋಟ. ಅವನು ಒಂದು ಮಾತ್ರೆಯನ್ನು ಎತ್ತಿಕೊಳ್ಳಲು ಹೋದ. ಹೆಬ್ಬೆರಳೂ ತೋರುಬೆರಳೂ ಕೂಡಲಿಲ್ಲ. ಮಾತ್ರೆ ಅವಳ ಅಂಗೈಯಲ್ಲೇ ಜಾರಿ ಪಕ್ಕಕ್ಕೆ ಹೋಯಿತು. ಮತ್ತೆ ಹೋದ, ಮತ್ತೆ ಜಾರಿತು. ಅಷ್ಟು ಸಣ್ಣದು. ಅವಳು ಅವನ ಬೆರಳುಗಳನ್ನೇ ನೋಡುತ್ತಿದ್ದಳು, ಇಷ್ಟು ಹತ್ತಿರದಿಂದ ಅವನು ತೋರಿಸಿಯೇ ಇರಲಿಲ್ಲ. ಏನಾದರೂ ಒಂದು ತಮಾಷೆ ಮಾಡಬೇಕಿತ್ತು. ಹುಡುಕಿದ, ಸಿಕ್ಕಲಿಲ್ಲ.

“ಬಾಯಿ ತೆಗೀರಿ” ಅಂದಳು.

ಅವನು ತೆರೆದ. ಅವಳು ಒಂದೊಂದೇ ಮಾತ್ರೆ ಎತ್ತಿ ನಾಲಗೆಯ ಮೇಲಿಟ್ಟಳು. ಅವಳ ಬೆರಳಿಗೆ ಬ್ಲೀಚಿನ ವಾಸನೆ ಇತ್ತು. ಲೋಟವನ್ನು ಅವನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಡಿದ.

“ಮುಂದಿನ ವಾರಾನೂ ನೀನೇ ಕೊಡು” ಅಂದ.